ನೀರು ನಿಂತ ಗುರುತು



ಪ್ರತಿಯೊಂದು ಊರಿಗೂ ತಾನು ಮರೆಯಲಾರದ ಒಂದು ದಿನ ಇರುತ್ತದೆ. ಅಮೆರಿಕದ ಒಹಾಯೊ ರಾಜ್ಯದಲ್ಲಿ ಝೀನಿಯಾ ಎಂಬ ಪಟ್ಟಣವಿದೆ. ಅಲ್ಲಿನವರಿಗೆ ಆ ದಿನ 1974ರ ಏಪ್ರಿಲ್ 3. ಅಂದು ಬಂದೆರಗಿದ ಸುಂಟರಗಾಳಿ ಕೆಲವೇ ನಿಮಿಷಗಳಲ್ಲಿ ಊರಿನ ಬಹುಭಾಗವನ್ನು ಹಾಳುಗೆಡವಿತು. ನಮ್ಮ ದೇಶದಲ್ಲೇ 1978ರ ಮಾರ್ಚ್ 17ರಂದು ಉತ್ತರ ದೆಹಲಿಯಲ್ಲಿ, ವಿಶ್ವವಿದ್ಯಾನಿಲಯದ ಆಸುಪಾಸಿನಲ್ಲಿ, ಇಂಥದೇ ಗಾಳಿ ಎದ್ದು ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅದನ್ನು ಕಂಡವರು ಇಂದಿಗೂ 'ಆ ಗಾಳಿಯ ವರ್ಷ' ಎಂದರೆ ಸಾಕು, ಅದು ಯಾವ ವರ್ಷ ಎಂದು ಕೇಳಬೇಕಾಗಿಲ್ಲ.

ನಮ್ಮ ಹಾಸನ ಸೀಮೆಯಲ್ಲೂ ಗಾಳಿ ಬೀಸುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಗೆ ಚನ್ನರಾಯಪಟ್ಟಣದ ಕಡೆ ತೆಂಗಿನಮರಗಳು ಉರುಳುವುದನ್ನು, ಮನೆಯ ಮೇಲಿನ ಶೀಟುಗಳು ಹಾರಿಹೋಗುವುದನ್ನು ನೀವು ನೋಡಿದ್ದೀರಿ. ಆದರೆ ನಮ್ಮ ಹೊಳೆದಂಡೆಯ ಹಿರಿಯರು ವರ್ಷ ಎಣಿಸಿದ್ದು ಗಾಳಿಯಿಂದಲ್ಲ, ನೀರಿನಿಂದ. 'ರಕ್ತಾಕ್ಷಿ ಸಂವತ್ಸರದ ನೀರು' ಎನ್ನುತ್ತಿದ್ದರು ನಮ್ಮ ಮನೆಯಲ್ಲಿ. ಇಂಗ್ಲಿಷ್ ಲೆಕ್ಕದಲ್ಲಿ ಅದು 1924ನೆಯ ಇಸವಿಯ ಜುಲೈ ತಿಂಗಳು. ಆ ನೀರಿನ ವಿಷಯವನ್ನು ಇಂದು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ನೂರು ವರ್ಷ ಹಳೆಯ ಸಂಗತಿ ನಮಗೇಕೆ ಎಂದು ನೀವು ಕೇಳಬಹುದು. ಆ ಪ್ರಶ್ನೆಗೆ ಉತ್ತರ ಕೊಡುವುದೇ ಈ ಭಾಷಣದ ಉದ್ದೇಶ.

ಮೊದಲು ನಮ್ಮ ಜಿಲ್ಲೆಯ ನಕಾಶೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಪಶ್ಚಿಮಕ್ಕೆ ಸಕಲೇಶಪುರ. ಅಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ. ಪೂರ್ವಕ್ಕೆ ಚನ್ನರಾಯಪಟ್ಟಣ. ಅಲ್ಲಿ 700 ಮಿಲಿಮೀಟರಿನ ಆಸುಪಾಸು. ಬಸ್ಸಿನಲ್ಲಿ ಕುಳಿತರೆ ಎರಡು ಮೂರು ಗಂಟೆಯ ದಾರಿ. ಅಷ್ಟರಲ್ಲಿ ಮಳೆ ಮೂರನೆಯ ಒಂದು ಭಾಗಕ್ಕೆ ಇಳಿದಿರುತ್ತದೆ. ಪಶ್ಚಿಮಘಟ್ಟದ ಗೋಡೆಗೆ ಮೋಡಗಳು ಒರಗಿ ಸುರಿಸಿದ ಮಳೆಯನ್ನು ಪೂರ್ವದ ಬಯಲಿಗೆ ಹೊತ್ತು ತರುವವಳೇ ಹೇಮಾವತಿ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ, ಬಲ್ಲಾಳರಾಯನದುರ್ಗದ ಸಮೀಪ ಹುಟ್ಟಿ, ಸಕಲೇಶಪುರವನ್ನು ದಾಟಿ, ಗೊರೂರಿನ ಬಳಿ ಯಗಚಿಯನ್ನು ಕೂಡಿಸಿಕೊಂಡು, ಹೊಳೆನರಸೀಪುರದ ಪಕ್ಕದಲ್ಲಿ ಹಾದು, ಸುಮಾರು 245 ಕಿಲೋಮೀಟರು ಹರಿದು ಕೃಷ್ಣರಾಜಸಾಗರದಲ್ಲಿ ಕಾವೇರಿಗೆ ಸೇರುತ್ತಾಳೆ.

ಹೊಳೆನರಸೀಪುರ ಎಂಬ ಹೆಸರಿನಲ್ಲೇ ಹೊಳೆ ಇದೆ. ನರಸಿಂಹಸ್ವಾಮಿಯ ಊರು, ಹೊಳೆಯ ಪಕ್ಕದ ಊರು. ಅರಕಲಗೂಡು ತಾಲ್ಲೂಕಿನದು ಇನ್ನೊಂದು ಬಗೆ. ಅದರ ಉತ್ತರಕ್ಕೆ ಹೇಮಾವತಿ, ದಕ್ಷಿಣಕ್ಕೆ ಕಾವೇರಿ. ಕೊಡಗಿನಲ್ಲಿ ಸುರಿದ ಮಳೆ ಕುಶಾಲನಗರವನ್ನು ದಾಟಿ ಕೊಣನೂರು, ರಾಮನಾಥಪುರಗಳಿಗೆ ಬರುತ್ತದೆ. ಹಾಸನ ಪಟ್ಟಣ ನದಿಯ ದಂಡೆಯಲ್ಲಿಲ್ಲ. ಆದರೂ ಅದು ಕುಡಿಯುವುದು ಗೊರೂರಿನಿಂದ ಬರುವ ಹೇಮಾವತಿಯ ನೀರನ್ನೇ. ಇನ್ನು ಚನ್ನರಾಯಪಟ್ಟಣ ಕೆರೆಗಳ ಸೀಮೆ. ಅಲ್ಲಿಗೆ ಹೇಮಾವತಿ ಬಂದದ್ದು ತಾನಾಗಿ ಅಲ್ಲ, ನಾಲೆಯ ಮೂಲಕ. ಹೀಗೆ ನಾಲ್ಕು ಊರಿಗೂ ಹೊಳೆಯ ಸಂಬಂಧವಿದೆ. ಆದರೆ ನಾಲ್ಕರ ಸಂಬಂಧವೂ ಒಂದೊಂದು ರೀತಿ.

ಈಗ 1924ಕ್ಕೆ ಬರೋಣ. ಆಗ ಮೈಸೂರನ್ನು ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಗಿದ್ದರೂ ಇನ್ನೂ ಪೂರ್ಣಗೊಂಡಿರಲಿಲ್ಲ. ಆ ವರ್ಷದ ಫೆಬ್ರವರಿ 18ರಂದು ಕಾವೇರಿ ನೀರಿನ ಬಗ್ಗೆ ಮೈಸೂರಿಗೂ ಮದರಾಸಿಗೂ ಒಪ್ಪಂದವಾಯಿತು. ಆ ಒಪ್ಪಂದದ ಮಾತು ಇಂದಿಗೂ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ಯಾರಿಗೆ ಎಷ್ಟು ನೀರು ಎಂದು ಕಾಗದದ ಮೇಲೆ ಲೆಕ್ಕ ಹಾಕಿ ಐದು ತಿಂಗಳಾಗಿತ್ತು, ಅಷ್ಟೆ. ಜುಲೈ ತಿಂಗಳಲ್ಲಿ ಯಾವ ಲೆಕ್ಕಕ್ಕೂ ಸಿಗದಷ್ಟು ನೀರು ಬಂತು.

ಪುನರ್ವಸು ಮಳೆ ಹಿಡಿದದ್ದು ಬಿಡಲಿಲ್ಲ. ಪುಷ್ಯ ಅದಕ್ಕಿಂತ ಜೋರಾಯಿತು. ಘಟ್ಟದ ಆಚೆ ಕೇರಳದಲ್ಲಿ ಆ ಮಳೆಯನ್ನು 'ತೊಂಬತ್ತೊಂಬತ್ತರ ಪ್ರವಾಹ' ಎಂದು ಕರೆಯುತ್ತಾರೆ. ಮಲಯಾಳಿಗಳ ಕೊಲ್ಲಂ ಶಕೆಯಲ್ಲಿ ಅದು 1099ನೆಯ ವರ್ಷ. ಮೂನ್ನಾರಿನ ಚಹಾ ತೋಟಗಳಿಗೆಂದು ಹಾಕಿದ್ದ ಪುಟ್ಟ ರೈಲುಮಾರ್ಗ ಆ ಮಳೆಯಲ್ಲಿ ಹಾಳಾದದ್ದು ಮತ್ತೆ ಎದ್ದು ನಿಲ್ಲಲೇ ಇಲ್ಲ. ಘಟ್ಟದ ಈಚೆ ಕಾವೇರಿಯೂ ಅವಳ ಉಪನದಿಗಳೂ ಒಟ್ಟಿಗೆ ಉಕ್ಕಿದವು. ಕೆಳಗೆ, ಮುಂದೆ ಮೆಟ್ಟೂರು ಅಣೆಕಟ್ಟು ಎದ್ದ ಜಾಗದಲ್ಲಿ, ಸೆಕೆಂಡಿಗೆ ಸುಮಾರು 4.5 ಲಕ್ಷ ಘನ ಅಡಿ ನೀರು ಹಾದುಹೋಯಿತೆಂದು ದಾಖಲೆಯಿದೆ. ಸೆಕೆಂಡಿಗೆ ಒಂದು ಘನ ಅಡಿ ಎಂದರೆ ಒಂದು ಕ್ಯೂಸೆಕ್. ಕಾವೇರಿಯ ಮೇಲೆ ಆಮೇಲೆ ಲೆಕ್ಕ ಹಾಕಿದ ಎಂಜಿನಿಯರುಗಳೆಲ್ಲ ಈ 1924ರ ಅಂಕಿಯನ್ನು ಪಕ್ಕದಲ್ಲಿಟ್ಟುಕೊಂಡೇ ಲೆಕ್ಕ ಹಾಕಬೇಕಾಯಿತು.

ಇವೆಲ್ಲ ದೊಡ್ಡ ಅಂಕಿಗಳು. ಒಂದು ಮನೆಯೊಳಗೆ ಆ ನೀರು ಹೇಗೆ ಬಂತು ಎಂಬುದನ್ನು ನಾನು ಕೇಳಿದ್ದು ನಮ್ಮ ಅಜ್ಜಿಯಿಂದ. 1924ರಲ್ಲಿ ಆಕೆ ಒಂಬತ್ತು ವರ್ಷದ ಹುಡುಗಿ. ತೌರುಮನೆ ಹೊಳೆನರಸೀಪುರದಲ್ಲಿ, ಹೊಳೆಗೆ ಇಳಿಯುವ ಬೀದಿಯೊಂದರಲ್ಲಿ. ಆಕೆ ಹೇಳುತ್ತಿದ್ದ ಕಥೆಯಲ್ಲಿ ಅಬ್ಬರವೇ ಇರಲಿಲ್ಲ. "ನೀರು ಓಡಿ ಬರಲಿಲ್ಲ ಮಗ, ನಡೆದು ಬಂತು" ಎನ್ನುತ್ತಿದ್ದಳು. ಸಂಜೆ ಬೀದಿಯ ಕೊನೆಯಲ್ಲಿತ್ತು. ದೀಪ ಹಚ್ಚುವ ಹೊತ್ತಿಗೆ ಜಗಲಿಯ ಕೆಳಗಿತ್ತು. ಊಟಕ್ಕೆ ಕೂತಾಗ ಹೊಸಿಲು ದಾಟಿತು. ಆಕೆಯ ತಂದೆ ಮೊದಲು ಬಿಚ್ಚಿದ್ದು ಕೊಟ್ಟಿಗೆಯ ದನಗಳ ಹಗ್ಗ. ಆಮೇಲೆ ಮಕ್ಕಳನ್ನು ಎತ್ತರದ ಬೀದಿಯ ನೆಂಟರ ಮನೆಗೆ ಕಳಿಸಿದರು.

ಮೂರನೆಯ ದಿನ ನೀರು ಇಳಿಯಿತು. ಮನೆ ನಿಂತೇ ಇತ್ತು. ಎಲ್ಲರೂ ದೇವರು ದೊಡ್ಡವನು ಎಂದುಕೊಂಡರು. ಆದರೆ ಎರಡು ದಿನ ಬಿಸಿಲು ಬಿದ್ದ ಮೇಲೆ, ಹಗಲು ಹೊತ್ತಿನಲ್ಲಿ, ನಡುಮನೆಯ ಗೋಡೆ ಕುಸಿದುಬಿತ್ತು. ಮಣ್ಣಿನ ಗೋಡೆಯ ಗುಣವೇ ಹಾಗೆ. ಬುಡದಲ್ಲಿ ನೀರು ಕುಡಿದು ಮೆತ್ತಗಾದ ಗೋಡೆಗೆ ಸುತ್ತಲಿನ ನೀರೇ ಸ್ವಲ್ಪ ಆಸರೆ ಕೊಟ್ಟಿರುತ್ತದೆ. ನೀರು ಇಳಿದಾಗ ಆ ಆಸರೆ ತಪ್ಪುತ್ತದೆ. ಬುಡ ಮೇಲಿನ ಭಾರವನ್ನು ತಾಳುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟ ನೆಲದ ಕೆಳಗೆ ಆಗಿತ್ತು. ಹಗೇವು ಎಂದರೆ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ ಕಾಣೆ. ನೆಲದೊಳಗೆ ತೋಡಿ, ಬಾಯಿ ಕಿರಿದು ಮಾಡಿ, ರಾಗಿ ತುಂಬಿಸಿ ಮುಚ್ಚುವ ಗುಂಡಿ. ಬರಗಾಲಕ್ಕೆಂದು ವರ್ಷಗಟ್ಟಲೆ ರಾಗಿಯನ್ನು ಕಾಪಾಡುತ್ತಿದ್ದ ಜಾಣ ಏರ್ಪಾಟು ಅದು. ಬರಕ್ಕೆ ಸರಿಯಾಗಿದ್ದದ್ದು ನೆರೆಗೆ ಆಗಲಿಲ್ಲ. ಹಗೇವಿಗೆ ನೀರು ನುಗ್ಗಿ ರಾಗಿಯೆಲ್ಲ ಮೊಳೆತು ನಾರಿತು. "ಆ ವರ್ಷ ನಾವು ನೀರಿಗೆ ಹೆದರಿದ್ದು ಮೂರು ದಿನ, ಹಸಿವಿಗೆ ಹೆದರಿದ್ದು ಹತ್ತು ತಿಂಗಳು" ಎನ್ನುವುದು ಆಕೆಯ ಮಾತು. ನೆರೆಯ ವಿಷಯದಲ್ಲಿ ಇದಕ್ಕಿಂತ ಸರಿಯಾದ ಮಾತನ್ನು ನಾನು ಯಾವ ವರದಿಯಲ್ಲೂ ಓದಿಲ್ಲ.

ಆ ಮನೆಯ ಹಜಾರದ ಕಂಬವೊಂದರ ಮೇಲೆ ಆಕೆಯ ತಂದೆ ಒಂದು ಗುರುತು ಕೊರೆದಿದ್ದರು. ಅಡ್ಡಗೆರೆ, ಅದರ ಪಕ್ಕದಲ್ಲಿ ಸಂವತ್ಸರದ ಹೆಸರು. ನೀರು ನಿಂತ ಗುರುತು. ನಾನು ಹುಡುಗತನದಲ್ಲಿ ಆ ಗೆರೆಯ ಪಕ್ಕ ನಿಂತು ಎತ್ತರ ಅಳೆದುಕೊಳ್ಳುತ್ತಿದ್ದೆ. ನನ್ನ ಹೆಗಲಿಗೆ ಬರುತ್ತಿತ್ತು. ಆಮೇಲೆ ಮನೆ ಮಾರಾಟವಾಯಿತು. ಕೊಂಡವರು ಹಳೆಯದನ್ನು ಕೆಡವಿ ತಾರಸಿ ಮನೆ ಕಟ್ಟಿಸಿದರು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕಂಬ ಹೋಯಿತು, ಗುರುತೂ ಹೋಯಿತು. ಇಂದು ಆ ಬೀದಿಯಲ್ಲಿ ಮನೆ ಕಟ್ಟುವವರಿಗೆ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಹೇಳುವ ಗೆರೆ ಅಲ್ಲಿ ಉಳಿದಿಲ್ಲ.

ಈಗ ಸ್ವಲ್ಪ ವಿಜ್ಞಾನದ ಕಡೆ ಬರೋಣ. ನಡೆದು ಬರುವ ನೀರು ಇಷ್ಟು ಅನಾಹುತ ಮಾಡುವುದು ಹೇಗೆ? ಸುಂಟರಗಾಳಿಯ ಚಿತ್ರ ನೋಡಿದರೆ ಭಯವಾಗುತ್ತದೆ, ಕೆಂಪು ನೀರು ನಿಧಾನವಾಗಿ ಹರಿಯುವುದನ್ನು ನೋಡಿದರೆ ಅಷ್ಟು ಭಯವಾಗುವುದಿಲ್ಲ. ನಮ್ಮ ಕಣ್ಣು ಮೋಸಹೋಗುವುದು ಇಲ್ಲಿಯೇ. ಹರಿಯುವ ವಸ್ತುವೊಂದು ಅಡ್ಡ ನಿಂತ ಗೋಡೆಯನ್ನು ತಳ್ಳುವ ಬಲ ಎರಡು ವಿಷಯಗಳನ್ನು ಅವಲಂಬಿಸಿದೆ: ಒಂದು ಅದರ ಸಾಂದ್ರತೆ, ಇನ್ನೊಂದು ಅದರ ವೇಗದ ವರ್ಗ. ಒಂದು ಘನ ಮೀಟರು ಗಾಳಿಯ ತೂಕ ಸುಮಾರು 1.2 ಕಿಲೋಗ್ರಾಂ. ಅಷ್ಟೇ ನೀರಿನ ತೂಕ 1,000 ಕಿಲೋಗ್ರಾಂ. ಎಂದರೆ ನೀರು ಗಾಳಿಗಿಂತ 800 ಪಟ್ಟಿಗೂ ಹೆಚ್ಚು ಸಾಂದ್ರ. 800ರ ವರ್ಗಮೂಲ ಸುಮಾರು 28. ಆದ್ದರಿಂದ ನೀರು ಒಂದು ವೇಗದಲ್ಲಿ ತಳ್ಳುವಷ್ಟು ಬಲದಿಂದ ತಳ್ಳಬೇಕಾದರೆ ಗಾಳಿ ಅದರ 28 ಪಟ್ಟು ವೇಗದಲ್ಲಿ ಬೀಸಬೇಕು.

ಲೆಕ್ಕ ಹಾಕಿ ನೋಡಿ. ನೀರು ಸೆಕೆಂಡಿಗೆ 2 ಮೀಟರು ಹರಿಯುತ್ತಿದೆ ಎಂದುಕೊಳ್ಳಿ. ಗಂಟೆಗೆ 7 ಕಿಲೋಮೀಟರು. ನೀವು ಬಸ್ಸು ಹಿಡಿಯಲು ಬಿರಬಿರನೆ ನಡೆಯುವ ವೇಗಕ್ಕಿಂತ ತುಸು ಹೆಚ್ಚು. ಆ ನೀರು ತಳ್ಳುವ ಬಲಕ್ಕೆ ಸಮನಾಗಿ ಗಾಳಿ ತಳ್ಳಬೇಕಾದರೆ ಅದು ಗಂಟೆಗೆ 200 ಕಿಲೋಮೀಟರು ವೇಗದಲ್ಲಿ ಬೀಸಬೇಕು. ಅದು ಊರನ್ನು ಕೆಡವುವ ಸುಂಟರಗಾಳಿಯ ವೇಗ. ಮೊಣಕಾಲುದ್ದದ ನೀರು ತಾನೆ ಎಂದು ಸೇತುವೆಯ ಮೇಲೆ ಮೋಟಾರ್‌ಸೈಕಲ್ ಬಿಡುವವರು, ತಮ್ಮ ಮೊಣಕಾಲಿನವರೆಗೆ ಒಂದು ಸುಂಟರಗಾಳಿ ಬೀಸುತ್ತಿದೆ ಎಂದು ತಿಳಿದುಕೊಳ್ಳಬೇಕು. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ದಾಟಬಾರದು. ಈ ಭಾಷಣದಲ್ಲಿ ಬೇರೆಲ್ಲ ಮರೆತರೂ ಈ ಒಂದು ಮಾತು ನಿಮ್ಮ ನೆನಪಿನಲ್ಲಿರಲಿ.

ಇನ್ನೊಂದು ಲೆಕ್ಕ. ಇಷ್ಟೊಂದು ನೀರು ಎಲ್ಲಿಂದ ಬರುತ್ತದೆ? ಗೊರೂರಿನಿಂದ ಮೇಲಕ್ಕೆ ಹೇಮಾವತಿಗೆ ನೀರು ಒದಗಿಸುವ ಪ್ರದೇಶ ಸುಮಾರು 2,800 ಚದರ ಕಿಲೋಮೀಟರು. ಅಷ್ಟು ಜಾಗದ ಮೇಲೆ ಒಂದು ದಿನ 100 ಮಿಲಿಮೀಟರು, ಎಂದರೆ ಒಂದು ಗೇಣಿಗಿಂತ ಕಡಿಮೆ ಮಳೆ ಬಿತ್ತು ಎನ್ನಿ. ಒಟ್ಟು ನೀರು 28 ಕೋಟಿ ಘನ ಮೀಟರು. ಅಣೆಕಟ್ಟುಗಳ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 10 ಟಿಎಂಸಿ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಮಳೆಗಾಲದ ಆರಂಭದಲ್ಲಾದರೆ ಒಣಗಿದ ನೆಲ ಇದರಲ್ಲಿ ಬಹುಪಾಲನ್ನು ಕುಡಿದುಬಿಡುತ್ತದೆ. ಪುಷ್ಯ, ಆಶ್ಲೇಷದ ಹೊತ್ತಿಗೆ ನೆಲದ ಹೊಟ್ಟೆ ತುಂಬಿರುತ್ತದೆ. ಆಗ ಅರ್ಧ ನೀರು ಹೊಳೆಗೆ ಇಳಿದರೂ 5 ಟಿಎಂಸಿ. ಅದು ಒಂದೇ ದಿನದಲ್ಲಿ ಹರಿದುಹೋಗಬೇಕಾದರೆ ಹೊಳೆಯಲ್ಲಿ 58 ಸಾವಿರ ಕ್ಯೂಸೆಕ್ ನೀರು ಇರಬೇಕು. ಹಾಗಾಗಿ ನೆರೆಯನ್ನು ನಿರ್ಧರಿಸುವುದು ಎಷ್ಟು ಮಳೆ ಬಿತ್ತು ಎಂಬುದೊಂದೇ ಅಲ್ಲ. ಯಾವಾಗ ಬಿತ್ತು, ಬೀಳುವ ಮುನ್ನ ನೆಲ ಹೇಗಿತ್ತು ಎಂಬುದೂ ಅಷ್ಟೇ ಮುಖ್ಯ.

1924ರಲ್ಲಿ ಗೊರೂರಿನಲ್ಲಿ ಅಣೆಕಟ್ಟು ಇರಲಿಲ್ಲ. ಹಳ್ಳಿಗಳ ಬದುಕನ್ನು ನಗುನಗುತ್ತ ಬರೆದು ಕನ್ನಡಿಗರ ಮನೆಮಾತಾದ ಗೊರೂರು ರಾಮಸ್ವಾಮಿ ಅಯ್ಯಂಗಾರರಿಗೆ ಆಗ ಇಪ್ಪತ್ತು ವರ್ಷ. ಹೇಮಾವತಿಯ ದಂಡೆಯ ಆ ಊರಿಗೆ ಅವರ ಹೆಸರಿನಿಂದ ಕೀರ್ತಿ ಬಂತು. ಅವರ ಕಣ್ಣ ಮುಂದೆಯೇ ಆ ಹೊಳೆಗೆ ಅಡ್ಡವಾಗಿ ಕಟ್ಟೆಯೂ ಎದ್ದಿತು. 1979ರಲ್ಲಿ ಪೂರ್ಣಗೊಂಡ ಹೇಮಾವತಿ ಅಣೆಕಟ್ಟು ಸುಮಾರು 37 ಟಿಎಂಸಿ ನೀರು ಹಿಡಿಯುತ್ತದೆ. ಅದರಿಂದ ಹೊರಟ ಎಡದಂಡೆ ನಾಲೆ ಚನ್ನರಾಯಪಟ್ಟಣದ ಸೀಮೆಗೆ ನೀರು ತಂದಿತು. ಆ ತಾಲ್ಲೂಕಿನ ಬಾಗೂರು-ನವಿಲೆಯ ಬಳಿ ಮೈಲುಗಟ್ಟಲೆ ಉದ್ದದ ಸುರಂಗ ಕೊರೆದು ತುಮಕೂರಿನ ಕಡೆಗೂ ನೀರು ಹರಿಸಿದರು. ಘಟ್ಟದ ಮಳೆ ಬಯಲುಸೀಮೆಯ ಗದ್ದೆ, ತೆಂಗುಗಳಿಗೆ ಮುಟ್ಟಿತು. ಇದು ಸಣ್ಣ ಸಾಧನೆಯಲ್ಲ.

ಆದರೆ ಇದಕ್ಕೆ ಬೆಲೆ ಕೊಟ್ಟವರೂ ನಮ್ಮ ಜಿಲ್ಲೆಯವರೇ. ಹಲವಾರು ಹಳ್ಳಿಗಳು ಹಿನ್ನೀರಿನಲ್ಲಿ ಮುಳುಗಿದವು. ಶೆಟ್ಟಿಹಳ್ಳಿಯ ಇಗರ್ಜಿಯನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಕಟ್ಟಿಸಿದ್ದು. ಈಗ ಮಾಡಿಲ್ಲ, ಕಮಾನುಗಳು ಮಾತ್ರ ನಿಂತಿವೆ. ಮಳೆಗಾಲದಲ್ಲಿ ಅರ್ಧ ಮುಳುಗಿರುತ್ತದೆ, ಬೇಸಿಗೆಯಲ್ಲಿ ಅದರೊಳಗೆ ನಡೆದಾಡಬಹುದು. ಜನ ಫೋಟೋ ತೆಗೆಸಿಕೊಳ್ಳಲು ಹೋಗುತ್ತಾರೆ. ಹೋದಾಗ ಒಂದು ಕ್ಷಣ ಯೋಚಿಸಿ: 1924ರ ನೀರು ಮೂರು ದಿನದಲ್ಲಿ ಇಳಿದುಹೋಯಿತು, ಶೆಟ್ಟಿಹಳ್ಳಿಗೆ ಬಂದ ನೀರು ಇಳಿದು ಆ ಊರಿಗೆ ಊರು ಹಿಂದಿರುಗಲಿಲ್ಲ. ಪ್ರಕೃತಿ ತಂದ ನೆರೆಯಂತೆ ಮನುಷ್ಯ ತಂದ ನೆರೆಯನ್ನೂ ನೆನಪಿಡುವುದು ನ್ಯಾಯ.

ಅಣೆಕಟ್ಟು ಬಂದ ಮೇಲೆ ಏನಾಯಿತು? ಸಣ್ಣ ಪುಟ್ಟ ನೆರೆಗಳು ನಿಂತವು. ಮೊದಲೆಲ್ಲ ವರ್ಷ ಬಿಟ್ಟು ವರ್ಷ ಹೊಳೆ ಉಕ್ಕಿ ದಂಡೆಯವರನ್ನು ಎಚ್ಚರಿಸುತ್ತಿತ್ತು. ಆ ಎಚ್ಚರಿಕೆ ನಿಂತುಹೋಯಿತು. ಹೊಳೆ ಇಷ್ಟೇ ಅಗಲ ಎಂದು ಹೊಸ ತಲೆಮಾರು ತಿಳಿಯಿತು. ಹೊಳೆಯ ಅಂಚಿನ ಜಾಗ ನಿವೇಶನವಾಯಿತು, ನಿವೇಶನ ಬಡಾವಣೆಯಾಯಿತು. ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಗಿಲ್ಬರ್ಟ್ ವೈಟ್ ಎಂಬ ಅಮೆರಿಕದ ಭೂಗೋಳ ವಿಜ್ಞಾನಿ 1940ರ ದಶಕದಲ್ಲೇ ಇದನ್ನು ಎತ್ತಿ ತೋರಿಸಿದ್ದರು. ನದಿಗೆ ಕಟ್ಟೆ ಕಟ್ಟಿದಷ್ಟೂ ಜನ ಧೈರ್ಯವಾಗಿ ನದಿಯ ಪಾತ್ರದ ಹತ್ತಿರ ಬರುತ್ತಾರೆ. ಸಣ್ಣ ನೆರೆಯ ನಷ್ಟ ಕಡಿಮೆಯಾಗುತ್ತದೆ, ದೊಡ್ಡ ನೆರೆ ಬಂದ ದಿನದ ನಷ್ಟ ಹೆಚ್ಚುತ್ತದೆ.

ದೊಡ್ಡ ನೆರೆ ಬಂದರೆ ಅಣೆಕಟ್ಟು ತಡೆಯುವುದಿಲ್ಲವೆ? ಮತ್ತೆ ಲೆಕ್ಕ ಹಾಕೋಣ. ಒಂದು ಲಕ್ಷ ಕ್ಯೂಸೆಕ್ ನೀರು ಒಂದು ದಿನ ಹರಿದರೆ 8.64 ಟಿಎಂಸಿ. ಜಲಾಶಯ ಪೂರ್ತಿ ಖಾಲಿ ಇದ್ದರೂ ಅದು ನಾಲ್ಕು ದಿನ ಚಿಲ್ಲರೆಯಲ್ಲಿ ತುಂಬುತ್ತದೆ. ಜುಲೈ ಕೊನೆಯ ಹೊತ್ತಿಗೆ ಯಾವ ಜಲಾಶಯವೂ ಖಾಲಿ ಇರುವುದಿಲ್ಲ. ಬೇಸಿಗೆಯ ನೀರಿಗಾಗಿ ರೈತ ಅದು ತುಂಬಲಿ ಎಂದು ಹಾರೈಸುತ್ತಾನೆ. ಕೆಳಗಿನ ಊರಿನವನು ಸ್ವಲ್ಪ ಖಾಲಿ ಇರಲಿ ಎಂದು ಹಾರೈಸುತ್ತಾನೆ. ಎರಡೂ ಹಾರೈಕೆ ನ್ಯಾಯವಾದದ್ದೇ. ತುಂಬಿದ ಜಲಾಶಯಕ್ಕೆ ಬಂದಷ್ಟು ನೀರನ್ನು ಬಂದ ಹಾಗೆಯೇ ಕೆಳಗೆ ಬಿಡದೆ ಬೇರೆ ದಾರಿಯಿಲ್ಲ.

2018ರ ಆಗಸ್ಟ್ ತಿಂಗಳನ್ನು ನೆನಪಿಸಿಕೊಳ್ಳಿ. ಕೇರಳದಲ್ಲಿ 400ಕ್ಕೂ ಹೆಚ್ಚು ಜನ ಸತ್ತರು. ಕೊಡಗಿನಲ್ಲಿ ಗುಡ್ಡಗಳು ಜಾರಿದವು. ಸಕಲೇಶಪುರ ಮತ್ತು ಸುಬ್ರಹ್ಮಣ್ಯದ ನಡುವಿನ ರೈಲುಮಾರ್ಗದ ಮೇಲೆ ಮಣ್ಣು ಕುಸಿದು ವಾರಗಟ್ಟಲೆ ರೈಲು ನಿಂತವು. ಮರುವರ್ಷ, 2019ರ ಆಗಸ್ಟಿನಲ್ಲಿ, ಆಶ್ಲೇಷ ಮಳೆ ಮತ್ತೆ ಅಬ್ಬರಿಸಿತು. ಸಕಲೇಶಪುರದ ಹೊಳೆಮಲ್ಲೇಶ್ವರ ದೇವಸ್ಥಾನಕ್ಕೆ ಹೇಮಾವತಿ ನುಗ್ಗಿದಳು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿ ಮನೆಗಳಿಗೆ ಬಂದಳು.

ಆ ದಿನಗಳಲ್ಲಿ ನಾನು ಕ್ಯಾಮೆರಾ ತಂಡದೊಡನೆ ರಾಮನಾಥಪುರಕ್ಕೆ ಹೋಗಿದ್ದೆ. ರಾಮೇಶ್ವರ ದೇವಾಲಯದ ಮುಂದಿನ ಮೆಟ್ಟಿಲುಗಳು ನಿಮಗೆ ಗೊತ್ತು. ಅಲ್ಲಿ ಭಕ್ತರು ದೊಡ್ಡ ದೊಡ್ಡ ಮೀನುಗಳಿಗೆ ಪುರಿ ಹಾಕುತ್ತಾರೆ. ಆ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಅಂದು ಮೆಟ್ಟಿಲು ಯಾವುದು, ಹೊಳೆ ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಬೀದಿಯಲ್ಲಿ ಒಬ್ಬ ಯುವಕ ತನ್ನ ಅಂಗಡಿಯ ಸಾಮಾನನ್ನು ತಲೆಯ ಮೇಲೆ ಹೊತ್ತು ಸಾಗಿಸುತ್ತಿದ್ದ. "ಇಲ್ಲೀಗಂಟ ನೀರು ಬತ್ತದೆ ಅಂತ ಯಾರೂ ಹೇಳಿರ್ಲಿಲ್ಲ ಸಾರ್" ಎಂದ. ಪಕ್ಕದ ಜಗಲಿಯ ಮೇಲೆ ಕೂತಿದ್ದ ವೃದ್ಧರೊಬ್ಬರು, "ಹೇಳೋರು ಇದ್ವಪ್ಪಾ, ಕೇಳೋರು ಇರ್ಲಿಲ್ಲ" ಎಂದರು. ಅವರ ತಾತ ಆ ಬೀದಿಯನ್ನು 'ನೀರು ಹತ್ತಿದ ಬೀದಿ' ಎನ್ನುತ್ತಿದ್ದರಂತೆ. ಆ ಯುವಕನ ಮಾತೂ ನಿಜ, ವೃದ್ಧರ ಮಾತೂ ನಿಜ. ನೆನಪು ಊರಿನಲ್ಲೇ ಇತ್ತು. ಒಂದು ಜಗಲಿಯಿಂದ ಪಕ್ಕದ ಅಂಗಡಿಗೆ ದಾಟಿರಲಿಲ್ಲ, ಅಷ್ಟೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. 'ನೂರು ವರ್ಷಕ್ಕೊಮ್ಮೆ ಬರುವ ನೆರೆ' ಎಂದು ಪತ್ರಿಕೆಗಳು ಬರೆಯುತ್ತವೆ. ಒಂದು ಸಲ ಬಂದಾಯಿತಲ್ಲ, ಇನ್ನು ನೂರು ವರ್ಷ ನಿಶ್ಚಿಂತೆ ಎಂದು ಜನ ಅರ್ಥಮಾಡಿಕೊಳ್ಳುತ್ತಾರೆ. ಆ ಮಾತಿನ ಅರ್ಥ ಅದಲ್ಲ. ಅಂಥ ನೆರೆ ಬರುವ ಸಂಭವ ಪ್ರತಿ ವರ್ಷವೂ ನೂರಕ್ಕೆ ಒಂದು ಎಂದಷ್ಟೇ ಅರ್ಥ. ಕಳೆದ ವರ್ಷ ಬಂದಿದ್ದರೂ ಈ ವರ್ಷದ ಸಂಭವ ಅಷ್ಟೇ ಇರುತ್ತದೆ. ನಾಣ್ಯಕ್ಕೆ ಹಿಂದಿನ ಸಲ ಯಾವ ಮುಖ ಬಿತ್ತೆಂಬ ನೆನಪು ಇರುವುದಿಲ್ಲ, ಹಾಗೆಯೇ ಇದೂ. ಒಂದು ಮನೆಯನ್ನು ಕಟ್ಟಿ ಅದರಲ್ಲಿ ಮೂವತ್ತು ವರ್ಷ ಬಾಳುವ ಕುಟುಂಬ ಅಂಥ ನೆರೆಯನ್ನು ಒಮ್ಮೆಯಾದರೂ ಕಾಣುವ ಸಂಭವ ಎಷ್ಟು ಗೊತ್ತೆ? ಶೇಕಡಾ 26. ನಾಲ್ಕರಲ್ಲಿ ಒಂದು! ಗಣಿತದ ವಿದ್ಯಾರ್ಥಿಗಳು 0.99ನ್ನು ಮೂವತ್ತು ಸಲ ಗುಣಿಸಿ, ಬಂದದ್ದನ್ನು ಒಂದರಿಂದ ಕಳೆದು ನೋಡಲಿ.

ಅದೂ ಹವಾಮಾನ ಬದಲಾಗದಿದ್ದರೆ. ಈಗ ಭೂಮಿ ಬಿಸಿಯಾಗುತ್ತಿದೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಶೇಕಡಾ 7ರಷ್ಟು ಹೆಚ್ಚುತ್ತದೆ. ದೊಡ್ಡ ಬಿಂದಿಗೆ ತುಂಬಲು ಹೊತ್ತು ಹಿಡಿಯುತ್ತದೆ, ಬೋರಲು ಹಾಕಿದರೆ ಹೆಚ್ಚು ನೀರು ಸುರಿಯುತ್ತದೆ. ಮಳೆಯಿಲ್ಲದ ದಿನಗಳೂ ಹೆಚ್ಚು, ಒಮ್ಮೆಗೇ ಸುರಿಯುವ ಮಳೆಯೂ ಹೆಚ್ಚು. 1924ರ ಜುಲೈ ಕೊನೆಗೆ ನೂರು ವರ್ಷ ತುಂಬಿದ ವಾರದಲ್ಲೇ, 2024ರ ಜುಲೈ 30ರಂದು, ವಯನಾಡಿನಲ್ಲಿ ಗುಡ್ಡ ಕುಸಿದು ಊರುಗಳೇ ಕೊಚ್ಚಿಹೋದವು. ಅದು ಕಾಕತಾಳೀಯ, ಆದರೆ ನೂರು ವರ್ಷದ ಹಿಂದಿನ ಸಂಗತಿ ಹಳೆಯದಾಗಿಲ್ಲ ಎಂದು ಹೇಳಲು ಅದು ಸಾಕು.

ಹಾಗಾದರೆ ಮಾಡಬೇಕಾದದ್ದೇನು? ಜಪಾನಿನ ಅನೆಯೋಶಿ ಎಂಬ ಹಳ್ಳಿಯಲ್ಲಿ ಒಂದು ಕಲ್ಲಿದೆ. 1933ರ ಸುನಾಮಿಯ ನಂತರ ನೆಟ್ಟದ್ದು. ಈ ಕಲ್ಲಿನಿಂದ ಕೆಳಗೆ ಮನೆ ಕಟ್ಟಬೇಡಿ ಎಂದು ಅದರ ಮೇಲೆ ಕೆತ್ತಿದ್ದಾರೆ. ಊರಿನವರು ಆ ಮಾತನ್ನು ಪಾಲಿಸಿದರು. 2011ರಲ್ಲಿ ಮಹಾ ಸುನಾಮಿ ಬಂದಾಗ ನೀರು ಕಲ್ಲಿನ ಕೆಳಗೇ ನಿಂತಿತು; ಮೇಲಿದ್ದ ಮನೆಗಳು ಉಳಿದವು. ಒಂದು ಕಲ್ಲು ಒಂದು ಊರನ್ನು ಕಾಯಿತು.

ಕಲ್ಲಿನ ಮೇಲೆ ಬರೆಯುವುದು ನಮಗೆ ಹೊಸದೆ? ಹಲ್ಮಿಡಿಯ ಶಾಸನ ಸಿಕ್ಕಿದ್ದು ನಮ್ಮ ಜಿಲ್ಲೆಯಲ್ಲೇ. ಶ್ರವಣಬೆಳಗೊಳದ ಬೆಟ್ಟದ ಬಂಡೆಗಳ ತುಂಬ ಬರಹವಿದೆ. ತುರು ಕಾದು ಸತ್ತವನಿಗೆ ವೀರಗಲ್ಲು ನೆಟ್ಟವರು, ಕೆರೆ ಕಟ್ಟಿಸಿದವನ ಹೆಸರನ್ನು ತೂಬಿನ ಬಳಿ ಕೆತ್ತಿದವರು ನಮ್ಮ ಹಿರಿಯರು. ಅಂಥ ನಾಡಿನಲ್ಲಿ ನೀರು ಇಲ್ಲಿಯವರೆಗೆ ಬಂದಿತ್ತು ಎಂದು ಹೇಳುವ ಕಲ್ಲನ್ನು ನಾನು ಓಡಾಡಿದ ಹೊಳೆದಂಡೆಯ ಊರುಗಳಲ್ಲಿ ಕಾಣಲಿಲ್ಲ. ಆ ಕೆಲಸ ನಿಮಗಾಗಿ ಕಾದಿದೆ.

ನಿಮ್ಮ ಶಾಲೆ ಅಥವಾ ಕಾಲೇಜು ಹೊಳೆನರಸೀಪುರದಲ್ಲೋ ಕೊಣನೂರಿನಲ್ಲೋ ಇದ್ದರೆ, ಒಂದು ಭಾನುವಾರ ನಾಲ್ಕೈದು ಜನ ಸೇರಿ ಹೊಳೆಯ ಕಡೆಯ ಬೀದಿಗಳಿಗೆ ಹೋಗಿ. ಎಂಬತ್ತು ದಾಟಿದವರನ್ನು ಮಾತನಾಡಿಸಿ. 1924ನ್ನು ಕಂಡವರು ಇನ್ನು ಸಿಗುವುದು ಕಷ್ಟ. ಆದರೆ ಕಂಡವರಿಂದ ಕೇಳಿದವರು ಸಿಗುತ್ತಾರೆ. 2018, 2019ನ್ನು ಕಂಡವರು ಎಲ್ಲ ಕಡೆ ಇದ್ದಾರೆ. ನೀರು ಎಲ್ಲಿಯವರೆಗೆ ಬಂತು, ಯಾವ ಬೀದಿಗೆ ಮೊದಲು ಬಂತು, ಎಷ್ಟು ಹೊತ್ತು ನಿಂತಿತು, ಏನು ಹಾಳಾಯಿತು ಎಂದು ಕೇಳಿ ಬರೆದುಕೊಳ್ಳಿ. ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನೊಡನೆ ಹೋಲಿಸಿ ನೋಡಿ. ಗೋಡೆಯ ಮೇಲೆ ನೀರಿನ ಕಲೆ ಉಳಿದಿದ್ದರೆ ನೆಲದಿಂದ ಅಳತೆ ತೆಗೆಯಿರಿ. ಊರಿನ ನಕಾಶೆಯ ಮೇಲೆ ಆ ಗೆರೆಯನ್ನು ಎಳೆಯಿರಿ. ಅದರ ಒಂದು ಪ್ರತಿಯನ್ನು ಶಾಲೆಯಲ್ಲಿ ಇಡಿ, ಇನ್ನೊಂದನ್ನು ಪುರಸಭೆಗೋ ಗ್ರಾಮ ಪಂಚಾಯಿತಿಗೋ ಕೊಡಿ. ಸಾಧ್ಯವಾದರೆ ಸಾರ್ವಜನಿಕ ಕಟ್ಟಡವೊಂದರ ಗೋಡೆಯ ಮೇಲೆ, ಅನುಮತಿ ಪಡೆದು, ಬಣ್ಣದಲ್ಲಿ ಒಂದು ಗೆರೆ ಎಳೆದು ಇಸವಿ ಬರೆಯಿರಿ.

ಚನ್ನರಾಯಪಟ್ಟಣದವರು ನಮಗೆ ಹೊಳೆಯಿಲ್ಲವಲ್ಲ ಎನ್ನಬೇಡಿ. ನಿಮ್ಮ ಕೆರೆಗಳ ಕೋಡಿ ಎಲ್ಲಿ ಹರಿಯುತ್ತಿತ್ತು, ಯಾವ ವರ್ಷ ಯಾವ ಏರಿ ಒಡೆಯಿತು, ಕೋಡಿಯ ಹಳ್ಳದ ಮೇಲೆ ಈಗ ಏನಿದೆ ಎಂದು ವಿಚಾರಿಸಿ. ಹಾಸನದ ವಿದ್ಯಾರ್ಥಿಗಳು ಊರಿನ ರಾಜಕಾಲುವೆಗಳ ದಾರಿ ಹಿಡಿದು ನಡೆದು ನೋಡಲಿ. ನೀರಿಗೆ ತನ್ನ ಹಳೆಯ ದಾರಿ ಮರೆಯುವುದಿಲ್ಲ, ಮರೆಯುವವರು ನಾವು.

ಇಂದು ಮುನ್ನೆಚ್ಚರಿಕೆಗೆ ಸಾಧನಗಳು ಬಹಳ ಇವೆ. 1924ರಲ್ಲಿ ಮೈಸೂರು ಸೀಮೆಯಲ್ಲಿ ರೇಡಿಯೋ ಕೂಡ ಇರಲಿಲ್ಲ. ಮೈಸೂರಿನಲ್ಲಿ ಆಕಾಶವಾಣಿ ಹುಟ್ಟಿದ್ದು 1935ರಲ್ಲಿ. ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಮಳೆಯನ್ನು ಅಳೆದು ಕಳಿಸುತ್ತವೆ. ಹವಾಮಾನ ಇಲಾಖೆಗೆ ಉಪಗ್ರಹಗಳ ಕಣ್ಣಿದೆ. ಅಣೆಕಟ್ಟಿನಿಂದ ನೀರು ಬಿಡುವ ಮುನ್ನ ದಂಡೆಯ ಊರುಗಳಿಗೆ ಸೂಚನೆ ಹೋಗುತ್ತದೆ. ಮೊಬೈಲಿಗೆ ಸಂದೇಶ ಬರುತ್ತದೆ. ನಾವೂ ದೂರದರ್ಶನದಲ್ಲಿ ಹೇಳುತ್ತೇವೆ. ಆದರೆ 'ಗೊರೂರಿನಿಂದ ಇಷ್ಟು ಸಾವಿರ ಕ್ಯೂಸೆಕ್ ನೀರು ಬಿಡಲಾಗಿದೆ' ಎಂದು ಪರದೆಯ ಮೇಲೆ ಅಂಕಿ ಮೂಡಿದಾಗ, ಅಷ್ಟು ನೀರು ಬಂದರೆ ನಮ್ಮ ಬೀದಿಯ ಎಷ್ಟನೆಯ ಮನೆಯವರೆಗೆ ಬರುತ್ತದೆ ಎಂದು ತಿಳಿಯದಿದ್ದರೆ ಆ ಅಂಕಿಯಿಂದ ಏನು ಪ್ರಯೋಜನ? ಉಪಗ್ರಹ ಮೋಡವನ್ನು ತೋರಿಸಬಲ್ಲದು. ಕಂಬದ ಮೇಲಿನ ಗೆರೆಯನ್ನು ತೋರಿಸಲಾರದು. ಆ ಗೆರೆಯನ್ನು ಎಳೆಯಬೇಕಾದವರು ಊರಿನವರೇ.

ವಿಜ್ಞಾನ ಎಂದರೆ ಪ್ರಯೋಗಾಲಯದಲ್ಲಿ ಮಾತ್ರ ಇರುವುದಲ್ಲ, ಮಿತ್ರರೆ. ಕಂಡದ್ದನ್ನು ಅಳೆದು, ಬರೆದು, ಮುಂದಿನವರಿಗೆ ದಾಟಿಸುವುದೇ ಅದರ ಮೊದಲ ಪಾಠ. ಈ ಮಳೆಗಾಲ ಬರುವುದರೊಳಗೆ ನಿಮ್ಮ ಮನೆಯ ಹಿರಿಯರನ್ನು ಒಂದು ಮಾತು ಕೇಳಿ: "ತಾತ, ನೀವು ಕಂಡ ಹಾಗೆ ನೀರು ಎಲ್ಲೀವರೆಗೆ ಬಂದಿತ್ತು?" ಅವರು ಕೈ ಎತ್ತಿ ತೋರಿಸುತ್ತಾರೆ. ಆ ಕೈ ಎತ್ತರವನ್ನು ಬರೆದಿಟ್ಟುಕೊಳ್ಳಿ.